ಗೋದಾವರಿ ಅಕ್ಕೋರು ಕೇಳಿದ ತಾರೀಖು

ಹತ್ತಕ್ಕೆ ಎರಡು ಕೊಟ್ಟಿದ್ದರೋ, ಮೂರೋ? ಎರಡು ಎಂದೇ ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ಹೇಳಿ ಹೇಳಿ ನನಗೇ ಅದು ನಿಜವಾಗಿರಬೇಕು. ಅಂಕ ಕೊಟ್ಟದ್ದು ಮಕ್ಕಳ ಉತ್ತರಪತ್ರಿಕೆಗಲ್ಲ, ಸರ್ಕಾರದಿಂದ ಬಂದ ಪತ್ರಕ್ಕೆ. ಯಲ್ಲಾಪುರದ ಶಾಲೆಯಲ್ಲಿ ನನ್ನ ಜೊತೆ ಕಲಿಸುತ್ತಿದ್ದ ಗೋದಾವರಿ ಅಕ್ಕೋರು ಕಚೇರಿಯ ಉತ್ತರಕ್ಕೆ ಕೆಂಪು ಶಾಯಿಯಲ್ಲಿ ಗೆರೆ ಎಳೆದು, ‘ಕೇಳಿದ್ದು ಒಂದು, ಬರೆದದ್ದು ಇನ್ನೊಂದು’ ಎಂದು ಷರಾ ಹಾಕಿ, ಅದನ್ನೇ ತಿರುಗಿ ಟಪಾಲಿಗೆ ಹಾಕುತ್ತಿದ್ದರು.

ಅವರು ಕೇಳುತ್ತಿದ್ದದ್ದು ಒಂದೇ: ತಮ್ಮ ಅಪ್ಪ ಸತ್ತ ದಿನ ಯಾವುದು?

ಅವರಿನ್ನೂ ತೊಟ್ಟಿಲಲ್ಲಿದ್ದಾಗ, ಮೊದಲ ಮಹಾಯುದ್ಧದ ನಡುವೆ, ಅಪ್ಪ ಸೋಂದಾ ಕಡೆಯ ಮನೆಯಿಂದ ಹೊರಟು ಪಲ್ಟನ್ನು ಸೇರಿದ್ದ. ಇರಾಕಿನ ಬಸ್ರಾಕ್ಕೆ ಹಡಗು ಹತ್ತಿದನೆಂದು ಯಾರೋ ಹೇಳಿದ್ದರು. ಆಮೇಲೆ ಸುದ್ದಿಯಿಲ್ಲ. ಹನ್ನೆರಡು ವರ್ಷ ಕಳೆದ ಮೇಲೆ, ಶಾಸ್ತ್ರದಂತೆ, ದೊಡ್ಡಪ್ಪ ದರ್ಭೆಯಲ್ಲಿ ಮನುಷ್ಯನ ಆಕಾರ ಕಟ್ಟಿ ಸುಟ್ಟರು. ಆ ದಿನವನ್ನೇ ತಿಥಿಯೆಂದು ನಿಶ್ಚಯಿಸಿದರು. ಅದೇ ವಾರ ಆಯಿಯ, ಎಂದರೆ ಅಕ್ಕೋರ ತಾಯಿಯ, ತಲೆ ಬೋಳಿಸಿದರು. ಅವರಿಗೆ ಮೂವತ್ತೂ ತುಂಬಿರಲಿಲ್ಲ. ಆ ದಿನ ಅಪ್ಪ ಎಲ್ಲಾದರೂ ಬದುಕಿದ್ದರೆ? ಅಕ್ಕೋರಿಗೆ ಬೇಕಾಗಿದ್ದದ್ದು ಇದಕ್ಕೆ ಉತ್ತರ.

ನನಗೆ ಸ್ವಲ್ಪ ಇಂಗ್ಲಿಷ್ ಬರುತ್ತಿದ್ದುದರಿಂದ ಅರ್ಜಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಮೊದಲ ಅರ್ಜಿಯನ್ನು ನಾನು ವಿನಯದಿಂದ ಶುರು ಮಾಡಿದ್ದೆ. ಅಕ್ಕೋರು ಅದನ್ನು ಅಲ್ಲೇ ಹರಿದರು.

“ತಮಾ, ಬೇಡ್ಕ್ಯಂಬ ಹಾಂಗೆ ಬರೆಯಡ. ಯಂಗೆ ಅವರ ದಯೆ ಬೇಡ, ತಾರೀಖು ಬೇಕು.”

ನಮ್ಮ ಜಿಲ್ಲೆ ಮುಂಬಯಿಯಿಂದ ಮೈಸೂರಿಗೆ ಸೇರಿದ ಹೊಸತು. ಹಳೆಯ ಕಡತ ಅಲ್ಲಿದೆ ಎಂದು ಇಲ್ಲಿಯವರು, ಇಲ್ಲಿಗೆ ಕಳಿಸಿದ್ದೇವೆ ಎಂದು ಅಲ್ಲಿಯವರು. ಬಸ್ರಾಕ್ಕೆ ಮನುಷ್ಯನನ್ನು ಕಳಿಸುವಾಗ ಯಾವ ಪ್ರಾಂತದವನೆಂದು ಯಾರಿಗೂ ಅನುಮಾನ ಬಂದಿರಲಿಲ್ಲ. ಕೊನೆಗೆ ಸೈನ್ಯದ ದಫ್ತರದಿಂದಲೇ ಉತ್ತರ ಬಂತು: ಆ ಹೆಸರಿನ ಸಿಪಾಯಿ ಇರಲೇ ಇಲ್ಲವಂತೆ.

ದಾರಿ ತೋರಿದವರು ಊರಿನ ಮುದುಕ ಹವಾಲ್ದಾರರು. ಅವರೂ ಆ ಯುದ್ಧಕ್ಕೆ ಹೋಗಿ ಬಂದವರು. “ಅಕ್ಕೋರೇ, ಭಟ್ಟರ ಮಕ್ಕಳನ್ನ ಆಗ ಪಲ್ಟನ್ನಿಗೆ ಯಾರು ತಗೋತಿದ್ರು? ನಿಮ್ಮಪ್ಪ ಮರಾಠಾ ಅಂತ ಬರೆಸಿರ್ತಾರೆ. ಹೆಸರು ಬಿಡ್ರಿ, ಊರು ಹಿಡಿದು ಕೇಳ್ರಿ,” ಎಂದರು.

ಊರು ಹಿಡಿದು ಕೇಳಿದೆವು. ಆರೇಳು ತಿಂಗಳ ಮೇಲೆ ಉತ್ತರ ಬಂತು. ಆ ಊರಿನಿಂದ ಒಬ್ಬನೇ ಸಿಪಾಯಿ. ಹೆಸರು ಬೇರೆ, ಜಾತಿ ಮರಾಠಾ. ಕೊಟ್ಟ ವಿಳಾಸ ಮಾತ್ರ ಅಕ್ಕೋರ ಮನೆಯದೇ. ಯುದ್ಧ ಮುಗಿದ ವರ್ಷ ಆ ಸಿಪಾಯಿಯ ಹೆಸರು ಹಾಕಿ ಅಲ್ಲಿಗೆ ಕಳಿಸಿದ ರಿಜಿಸ್ಟರ್ ಲಕೋಟೆಯನ್ನು, ಇಂಥವರು ಇಲ್ಲಿಲ್ಲವೆಂದು ಬರೆದು ಮನೆಯವರು ಹಿಂದಿರುಗಿಸಿದ್ದರು. ಉಳಿದ ಕಾಗದಗಳು ಈಗಿಲ್ಲವಂತೆ.

‘ಮನೆಯವರು’ ಎಂಬಲ್ಲಿ ಅಕ್ಕೋರು ಬೆರಳಿಟ್ಟರು, ಮತ್ತೊಮ್ಮೆ ಓದಿಸಿದರು.

ಮುಂದಿನ ಭಾನುವಾರ ಶಿರಸಿಯಲ್ಲಿ ಬಸ್ಸು ಬದಲಿಸಿ ಸೋಂದಾ ಕಡೆಗೆ ಹೋದೆವು. ದೊಡ್ಡಪ್ಪನಿಗೆ ಎಂಬತ್ತು ದಾಟಿತ್ತು. ಜಗಲಿಯ ಮೇಲೆ ಕೂತು ಎಲೆಯಡಿಕೆ ಕುಟ್ಟುತ್ತಿದ್ದರು. ಅವರು ಅಲ್ಲಗಳೆಯುತ್ತಾರೆಂದುಕೊಂಡಿದ್ದೆ. ಅಲ್ಲಗಳೆಯಲಿಲ್ಲ.

“ಹೌದು, ಬಂದಿತ್ತು. ಹೆಸರು ನಮ್ಮದಲ್ಲ, ಜಾತಿ ನಮ್ಮದಲ್ಲ. ಆನು ಎಂತಕ್ಕೆ ತಗಳವು, ಕೂಸೇ?”

“ಅದು ಅಪ್ಪಂದು ಹೇಳಿ ನಿಮಗೆ ಗೊತ್ತಾಗಿತ್ತಿಲ್ಯ?”

ಅವರು ಕುಟ್ಟುವುದನ್ನು ನಿಲ್ಲಿಸಿದರು. “ಗೊತ್ತಾಗಿತ್ತು,” ಎಂದರು. “ಅದಕ್ಕೇ ತಗಂಡಿದ್ದಿಲ್ಲೆ. ಜಾತಿ ಬಿಟ್ಟವನ ಸುದ್ದಿ ಒಳಗೆ ಬಂದಿದ್ರೆ ನಿನ್ನ ಕೈಲಿ ನೀರು ಯಾರು ಕುಡಿತಿದ್ದ?”

ಈ ಮಾತು ಹೀಗೇ ನಡೆಯಿತೆಂದು ಆಣೆ ಮಾಡಲಾರೆ. ನೆನಪು ಹರಕನ್ನು ಹೊಲಿದು, ಇಸ್ತ್ರಿ ಮಾಡಿ ಕೊಡುತ್ತದೆ. ನನಗೆ ಅದರ ಮೇಲೆ ವಿಶ್ವಾಸವಿಲ್ಲ. ಆದರೆ “ಗೊತ್ತಾಗಿತ್ತು” ಎಂದದ್ದು ನಿಜ. ಸುದ್ದಿಯನ್ನು ತಾನೇ ಬಾಗಿಲಿಂದ ಅಟ್ಟಿ, ಸುದ್ದಿಯಿಲ್ಲವೆಂದು ಹನ್ನೆರಡು ವರ್ಷ ಎಣಿಸಿ, ಶಾಸ್ತ್ರದ ಹೆಸರಿನಲ್ಲಿ ಒಬ್ಬಳ ಕೂದಲು ತೆಗೆಸಿದ ಮನುಷ್ಯ ನಮ್ಮನ್ನು ಊಟಕ್ಕೆ ಏಳಿ ಎಂದರು. ಅಕ್ಕೋರು ಚಪ್ಪಲಿ ಮೆಟ್ಟಿ ಅಂಗಳಕ್ಕಿಳಿದರು. ನಾನು ಕೈಕಾಲು ತೊಳೆದು ಉಂಡೆ. ಹಸಿವಾಗಿತ್ತು. ಇವತ್ತಿಗೂ ಆ ಊಟ ನನ್ನನ್ನು ಚುಚ್ಚುತ್ತದೆ.

ಮರುವರ್ಷ ಅಕ್ಕೋರು ಸಿದ್ದಾಪುರದ ಕಡೆಗೆ ವರ್ಗ ಮಾಡಿಸಿಕೊಂಡು, ದೊಡ್ಡಪ್ಪನ ಮನೆಯಲ್ಲಿದ್ದ ಆಯಿಯನ್ನೂ ಕರೆದೊಯ್ದರು. ಒಮ್ಮೆ ಮಾತ್ರ ಅಲ್ಲಿಗೆ ಹೋದೆ. ಆಯಿ ಬೆಲ್ಲ, ನೀರು ತಂದಿಟ್ಟರು. ವಿಧವೆಯ ಕೆಂಪು ಸೀರೆಯ ಸೆರಗಿನಡಿಯಿಂದ ಬೆರಳುದ್ದದ ಬಿಳಿ ಕೂದಲು ಕಾಣುತ್ತಿತ್ತು. ನಾನು ನೋಡಿದ್ದನ್ನು ಅಕ್ಕೋರು ನೋಡಿದರು. ಶಾಲೆಯ ಹೆಂಚು ಸೋರುವುದರ ಬಗ್ಗೆ ಮಾತಾಡಿದೆವು.

ಅದಾಗಿ ಎರಡು ವರ್ಷಕ್ಕೆ ಅಕ್ಕೋರು ತೀರಿಕೊಂಡರಂತೆ. ನನಗೆ ತಿಳಿದದ್ದು ತಡವಾಗಿ. ಲಕೋಟೆಯ ಸಂಗತಿಯನ್ನು ಅವರು ಆಯಿಗೆ ಹೇಳಿದ್ದರೋ, ಅಥವಾ ಆ ಮನೆ ಬಿಟ್ಟದ್ದೇ ಸಾಕಾಗಿ ಆಯಿ ತಾವೇ ಕೂದಲು ಬಿಟ್ಟರೋ, ನಾನು ಕೇಳಲಿಲ್ಲ. ಲಕೋಟೆಯಲ್ಲಿದ್ದದ್ದು ಸಾವಿನ ಸುದ್ದಿಯೋ, ಬರುತ್ತೇನೆಂಬ ಮಾತೋ, ಅದೂ ನನಗೆ ಗೊತ್ತಿಲ್ಲ.