ಹಳಿಯ ಮೇಲೆ ಒಡೆದ ಬೂದುಗುಂಬಳ

ಇವತ್ತು ಆಯುಧಪೂಜೆ. ಬೆಳಿಗ್ಗೆ ಎಂದಿನಂತೆ ನಲ್ಲಿ ನೀರು ಹಿಡಿದಿಟ್ಟು, ಹಾಲು ಕಾಯಿಸಿ, ಬಾಗಿಲಿಗೆ ರಂಗೋಲಿ ಹಾಕಿ ಒಳಗೆ ಬಂದೆ. ಯಜಮಾನರು ಅಂಗಳದಲ್ಲಿ ಸ್ಕೂಟರ್ ತೊಳೆಯುತ್ತಿದ್ದರು. ಒರೆಸಲು ಹಳೆಯ ಹತ್ತಿ ಸೀರೆಯ ತುಂಡೊಂದನ್ನು ಕೊಟ್ಟು, ಬೂದುಗುಂಬಳ ಹಿಡಿದು ಈಳಿಗೆಮಣೆಯ ಮುಂದೆ ಕೂತೆ. ನೆತ್ತಿಯ ಬಿಲ್ಲೆ ಕೊಯ್ದು ಒಳಗೆ ಕುಂಕುಮ ಸುರಿದಾಗ ಆ ವಾಸನೆ ಬಂತು... ಹಸಿ ತಿರುಳಿನ ತಣ್ಣನೆಯ ವಾಸನೆ. ಬೇರೆಯವರಿಗೆ ಅದು ಹಬ್ಬದ ವಾಸನೆ ಇರಬಹುದು. ನನಗೆ ಮಾತ್ರ ಪ್ರತಿ ವರ್ಷ, ಚನ್ನಗಿರಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಡ್ರೈವರ್ ಅಜ್ಜ ನೆನಪಾಗುತ್ತಾರೆ.

ನ್ಯಾಮತಿಗೆ ಬರುವ ಮೊದಲು ನಾವು ಚನ್ನಗಿರಿಯಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ಊರಾಚೆಯ ಕೆರೆ ದಂಡೆಯಲ್ಲಿ ಆಗ ಒಂದು ಪುಟ್ಟ ಉಗಿಬಂಡಿ ಓಡುತ್ತಿತ್ತು. ಎಂದೋ ಕಾಡಿನಿಂದ ಮರದ ದಿಮ್ಮಿ ಎಳೆಯುತ್ತಿದ್ದ ಎಂಜಿನ್ ಅದು. ಗುಜರಿಗೆ ಹೋಗಬೇಕಾಗಿದ್ದುದನ್ನು ಊರಿನ ಕೆಲವರು ಸಮಿತಿ ಮಾಡಿಕೊಂಡು ಕೊಂಡು ತಂದಿದ್ದರು. ಎರಡು ಮರದ ಬೋಗಿ ಸಿಕ್ಕಿಸಿ, ಕಿರಿದಾದ ಹಳಿ ಹಾಸಿ, ಭಾನುವಾರ ಮತ್ತು ಹಬ್ಬದ ದಿನಗಳಲ್ಲಿ ಜನರನ್ನು ಕೂರಿಸಿ ಓಡಿಸುತ್ತಿದ್ದರು. ತರುವಾಗ ಇದ್ದ ಹುಮ್ಮಸ್ಸು ಸಮಿತಿಯವರಿಗೆ ಸಾಕುವಾಗ ಇರಲಿಲ್ಲ. ಸಾಕಿದ್ದು ಅಜ್ಜ. ಹರೆಯದಲ್ಲಿ ಅಂಥದೇ ಎಂಜಿನ್ನಿಗೆ ಸೌದೆ ಹಾಕುತ್ತಿದ್ದ ಮನುಷ್ಯ, ಮುಪ್ಪಿನಲ್ಲಿ ಮತ್ತೆ ಒಂದು ಎಂಜಿನ್ ಸಿಕ್ಕಿತೆಂದು ಅವರಿಗೆ ಎಲ್ಲಿಲ್ಲದ ಜಂಬ. ಮೀಸೆಗೆ ಎಣ್ಣೆ ಹಚ್ಚಿ ತಿರುವುವುದೇನು, ಮಕ್ಕಳು ಯಾರಾದರೂ "ಆಟದ ರೈಲು" ಅಂದರೆ ಕಿಟಕಿಯಿಂದ ತಲೆ ಹೊರಗೆ ಹಾಕಿ ಗದರುವುದೇನು!

ಓಟದ ದಿನ ಅವರ ಬೆಳಗು ನಮ್ಮದಕ್ಕಿಂತ ಮೊದಲೇ ಆಗುತ್ತಿತ್ತು. ಹಿಂದಿನ ಓಟದ ಬೂದಿ ಕೆರೆದು ತೆಗೆದು, ಒಣಗಿದ ಅಡಿಕೆ ಸಿಪ್ಪೆಯಿಂದ ಬೆಂಕಿ ಹೊತ್ತಿಸಿ, ಆಮೇಲೆ ಸೌದೆ. ನೀರು ಕಾದು ಉಗಿ ಏರುವಷ್ಟರಲ್ಲಿ ಕೀಲುಕೀಲಿಗೂ ಎಣ್ಣೆ. ಕೊನೆಯಲ್ಲಿ ಪೊರಕೆ ಹಿಡಿದು ಹಳಿಯ ಮೇಲೆ ನಡಿಗೆ. ದಂಡೆಯ ನೀಲಗಿರಿ ಮರಗಳು ಉದುರಿಸಿದ ಎಲೆ ಒಂದೂ ಉಳಿಯದಂತೆ ಹಳಿ ಗುಡಿಸುತ್ತಿದ್ದರು. ಆ ಪೊರಕೆಯನ್ನು ಬೇರೆ ಯಾರೂ ಬೇರೆ ಕೆಲಸಕ್ಕೆ ಮುಟ್ಟುವಂತಿರಲಿಲ್ಲ. ಗುರುತಿಗೆ ಹಿಡಿಗೆ ಕೆಂಪು ದಾರ ಸುತ್ತಿದ್ದರು. ಎಂಜಿನ್ನಿನ ಪಕ್ಕ ಬಕೆಟ್ಟುಗಳಲ್ಲಿ ಒಣ ಮರಳು. ಹಳಿ ಒದ್ದೆಯಾಗಿ ಚಕ್ರ ಜಾರಿದರೆ ಎರಚಲು.

ಎಂಜಿನ್ ಒರೆಸುವ ಬಟ್ಟೆ ನಮ್ಮ ಮನೆಯಿಂದ ಹೋಗುತ್ತಿತ್ತು. ಒಮ್ಮೆ ನೈಲಾನ್ ಸೀರೆ ಕೊಟ್ಟಾಗ ಅಜ್ಜ ಎರಡೇ ಬೆರಳಲ್ಲಿ ಅದನ್ನು ಎತ್ತಿ ಹಿಡಿದು, "ಇದು ಬ್ಯಾಡ ತಂಗ್ಯಮ್ಮ, ಎಂಜಿನ್ನಿಗೆ ಮೈ ಕಡಿತ ಬರ್ತೈತೆ" ಎಂದಿದ್ದರು. ನಾನು ಕಾನ್ವೆಂಟಿನಲ್ಲಿ ಓದಿದವಳೆಂದು ಅವರಿಗೆ ನನ್ನನ್ನು ರೇಗಿಸುವುದೊಂದು ಆಟ. ಬಾಯ್ಲರ್ ಎಂದರೇನು ಅಂತ ಕೇಳಿದ್ದಕ್ಕೆ, "ನಿಮ್ಮ ಬಚ್ಚಲು ಹಂಡೆ ಐತಲ್ಲ, ಅದೇ. ಇದಕ್ಕೆ ಸಿಟ್ಟು ಸ್ವಲ್ಪ ಜಾಸ್ತಿ" ಎಂದರು. ಸಿಟ್ಟು ಅವರಿಗೂ ಜಾಸ್ತಿಯೇ ಇತ್ತು. ಆದರೆ ಸಂಜೆ ಮನೆಗೆ ಬಂದಾಗ ಅಂಗೈಯ ಮಸಿ ತೊಳೆಯದೆ ಸ್ವಲ್ಪ ಹೊತ್ತು ಜಗಲಿಯಲ್ಲಿ ಹಾಗೇ ಕೂತಿರುತ್ತಿದ್ದರು... ಹೆಂಡತಿ ಹೋಗಿ ವರ್ಷಗಳಾಗಿದ್ದ ಮನೆಯಲ್ಲಿ ಅವರಿಗೆ ಮಾತಾಡಲು ಬೇರೆ ಏನಿತ್ತು? ಆ ಎಂಜಿನ್ ಒಂದೇ.

ಆ ವರ್ಷದ ಆಯುಧಪೂಜೆಗೆ ಸಮಿತಿಯವರು ದೊಡ್ಡ ಅತಿಥಿಯೊಬ್ಬರನ್ನು ಕರೆದಿದ್ದರು. ಶಾಮಿಯಾನ, ಮೈಕು, ಮೈಸೂರು ಪೇಟ, ಏನು ಕೇಳುತ್ತೀರಿ. ಪ್ರತಿ ವರ್ಷ ಕುಂಬಳಕಾಯಿಯನ್ನು ಅಜ್ಜನೇ ಹಳಿಯಿಂದ ದೂರ, ಜಾಲಿ ಮರದ ಬುಡದಲ್ಲಿ ಒಡೆಯುತ್ತಿದ್ದರು. ಆ ದಿನ ಸಮಿತಿಯ ಅಧ್ಯಕ್ಷರಿಗೆ ಎಂಜಿನ್ನಿನ ಮೂತಿಯ ಮುಂದೆ, ಹಳಿಯ ಮೇಲೆಯೇ ಒಡೆಯಬೇಕು ಎನಿಸಿತು. ಫೋಟೋ ಚೆನ್ನಾಗಿ ಬರುತ್ತದಲ್ಲ!

"ಹಳಿ ಮ್ಯಾಲೆ ಬ್ಯಾಡ್ರಿ. ಅತ್ಲಾಗೆ ಒಡೀರಿ, ಜಾರ್ತೈತೆ" ಎಂದರು ಅಜ್ಜ.

"ದೃಷ್ಟಿ ತೆಗಿಯೋದು ಎಂಜಿನ್ನಿಗಾ, ಜಾಲಿ ಮರಕ್ಕಾ?" ಎಂದರು ಅಧ್ಯಕ್ಷರು. ನೆರೆದವರೆಲ್ಲ ನಕ್ಕರು.

ಅಲ್ಲಿಗೆ ನಿಂತಿದ್ದರೂ ಆಗುತ್ತಿತ್ತು. ಒಬ್ಬರು ಒಡೆದರೆಂದು ಇನ್ನೊಬ್ಬರು, ಅವರು ಒಡೆದರೆಂದು ಮತ್ತೊಬ್ಬರು, ಮುಂದೆ ಹಳಿ ಮೇಲಕ್ಕೆ ಹತ್ತುವ ಏರಿನ ಉದ್ದಕ್ಕೂ ಎರಡೂ ಹಳಿಯ ಮೇಲೆ ಕುಂಬಳಕಾಯಿ ಕುಕ್ಕಿದರು. ಬಿಸಿಲಿಗೆ ಹೊಳೆಯುತ್ತಿದ್ದ ಕಬ್ಬಿಣದ ಮೇಲೆ ಬಿಳಿ ತಿರುಳು, ಕೆಂಪು ನೀರು, ಬೀಜ. ಅಜ್ಜ ಕೆಂಪು ದಾರದ ಪೊರಕೆ ತೆಗೆದುಕೊಂಡು ಓಡಿದರು. ಅಷ್ಟರಲ್ಲಿ ಅತಿಥಿಯ ಕಾರು ಬಂತು. ಸಮಿತಿಯವನೊಬ್ಬ ಅಜ್ಜನ ಕೈಯಿಂದ ಪೊರಕೆ ಕಿತ್ತುಕೊಂಡ. "ಸಾಹೇಬ್ರು ಬರೋ ಹೊತ್ತಿಗೆ ಪೊರಕೆ ಹಿಡ್ಕಂಡು ಎದ್ರಿಗೆ ಬರ್ತಿಯಲ್ಲೋ ಮುದುಕಾ, ಅಪಶಕುನ!"

ಮರಳಾದರೂ ಎರಚೋಣವೆಂದು ಅಜ್ಜ ಬಕೆಟ್ಟಿನ ಕಡೆ ತಿರುಗಿದರೆ, ಅವುಗಳಲ್ಲಿ ಬಾಳೆಕಂಬ ನೆಟ್ಟು ನೀರು ಹೊಯ್ದಿದ್ದರು, ಬಾಡಬಾರದೆಂದು. ನಾನು ಬೋಗಿಯ ಪಕ್ಕ ಹೆಂಗಸರ ಸಾಲಿನಲ್ಲಿ ನಿಂತು ಇದೆಲ್ಲವನ್ನೂ ನೋಡುತ್ತಿದ್ದೆ. ಅಜ್ಜನ ಮುಖ ಕಪ್ಪಿಟ್ಟಿತು. "ಇವತ್ತು ಓಡ್ಸಲ್ರೀ" ಎಂದರು. "ನೀನಲ್ದಿದ್ರೆ ಇನ್ನೊಬ್ಬ. ಟ್ರ್ಯಾಕ್ಟರ್ ಓಡ್ಸೋನನ್ನ ಹತ್ತಿಸ್ತೀನಿ, ಇಳಿ" ಎಂದರು ಅಧ್ಯಕ್ಷರು. ಅಜ್ಜ ಎಂಜಿನ್ ಹತ್ತಿದರು. ಇನ್ನೊಬ್ಬನ ಕೈಗೆ ಅದನ್ನು ಬಿಟ್ಟುಕೊಡುವುದು ಅವರಿಂದಾಗದ ಮಾತು.

ಅತಿಥಿ ಬೋಗಿಯಲ್ಲಿ ಕೂತರು, ಸೀಟಿ ಕೂಗಿತು. ಎಂಜಿನ್ ಏರಿನವರೆಗೆ ಹೋಯಿತು, ಅಲ್ಲಿ ನಿಂತಿತು. ಚಕ್ರಗಳು ನಿಂತಲ್ಲೇ ಗಿರ್ರನೆ ಸುತ್ತುತ್ತಿದ್ದವು, ರೈಲು ಮಾತ್ರ ಒಂದು ಅಡಿಯೂ ಮುಂದೆ ಹೋಗಲಿಲ್ಲ. ಆಮೇಲೆ ಮೆಲ್ಲಗೆ ಹಿಂದಕ್ಕೆ ಜಾರತೊಡಗಿತು. ಅಜ್ಜ ಬ್ರೇಕಿನ ಹಿಡಿಗೆ ಇಡೀ ಮೈಯನ್ನೇ ತೂಗುಬಿಟ್ಟಿದ್ದು ನನಗೆ ಕಾಣುತ್ತಿತ್ತು. ರೈಲು ಹಿಂದೆ ಬಂದು ಹಳಿಯ ಕೊನೆಯ ಅಡ್ಡದಿಮ್ಮಿಗೆ ದಡ್ಡನೆ ಬಡಿಯಿತು. ಯಾರಿಗೂ ಗಾಯವಾಗಲಿಲ್ಲ. ಅತಿಥಿಯ ಪೇಟ ಮಾತ್ರ ಉರುಳಿ ಬೂದಿಯ ಗುಡ್ಡೆಯಲ್ಲಿ ಬಿತ್ತು.

ಪೇಟ ಬಿದ್ದಿದ್ದಕ್ಕೆ ಯಾರಾದರೂ ಹೊಣೆಯಾಗಬೇಕಲ್ಲ. ಅಧ್ಯಕ್ಷರು ಮೈಕಿನಲ್ಲಿಯೇ ಹೇಳಿದರು, "ಡ್ರೈವರ್‌ಗೆ ವಯಸ್ಸಾಗೈತೆ, ಕೈ ನಡುಗ್ತಾವೆ. ಇವತ್ತಿಂದ ಅವ್ರಿಗೆ ವಿಶ್ರಾಂತಿ." ಕುಂಬಳಕಾಯಿ ಕುಕ್ಕಿದ ಕೈಗಳೇ ಚಪ್ಪಾಳೆ ತಟ್ಟಿದವು!

ತಪ್ಪು ಕಂಡರೆ ಎದ್ದು ನಿಂತು ಹೇಳಬೇಕೆಂದು ನಮ್ಮ ಕಾನ್ವೆಂಟಿನ ಸಿಸ್ಟರ್ ಹೇಳುತ್ತಿದ್ದರು. ನಾನು ಜೋರಾಗಿ ಮಾತಾಡಿದವಳಲ್ಲ, ಆದರೂ ಹೋದೆ. ಚಕ್ರಕ್ಕೆ ಮೆತ್ತಿದ್ದ ತಿರುಳು, ಬೀಜ ಕೆರೆದುಕೊಂಡು ಅಂಗೈ ಚಾಚಿದೆ. "ನೋಡಿ ಸರ್, ಇದರಿಂದ ಜಾರಿದ್ದು. ಅವರು ಮೊದಲೇ ಹೇಳಿದ್ದರು, ನೀವೇ ಕೇಳಲಿಲ್ಲ" ಎಂದೆ.

ಅಧ್ಯಕ್ಷರು ನನ್ನ ಅಂಗೈ ನೋಡಿ, ಸುತ್ತ ಇದ್ದವರ ಮುಖ ನೋಡಿದರು. "ಮೇಡಂ, ಕಾನ್ವೆಂಟ್ ಓದಿದೋರು ನೀವು! ಅಷ್ಟು ಟನ್ ಕಬ್ಬಿಣ ಒಂದು ಕುಂಬಳಕಾಯಿಗೆ ಜಾರ್ತೈತಾ? ಮಜ್ಜಿಗೆ ಹುಳಿ ಮಾಡೋದಿದ್ರೆ ಹೇಳ್ರಿ, ಉಳಿದ ಕಾಯಿ ಮನೆಗೆ ಕಳಿಸ್ತೀನಿ."

ಮತ್ತೆ ನಗು. ಅಡುಗೆಮನೆಯ ಕಲ್ಲಿನ ಮೇಲೆ ಒಂದು ಹೋಳು ಬಿದ್ದರೆ ಹೆಜ್ಜೆ ಹೇಗೆ ಜಾರುತ್ತದೆಂದು ಅಲ್ಲಿದ್ದ ಪ್ರತಿ ಹೆಂಗಸಿಗೂ ಗೊತ್ತಿತ್ತು. ಯಾರೂ ಬಾಯಿ ಬಿಡಲಿಲ್ಲ. ಅಜ್ಜ ನನ್ನ ಕಡೆ ಒಮ್ಮೆ ನೋಡಿದರು ಅಷ್ಟೆ. ಆಮೇಲೆ ಎಂದಿನಂತೆ ಬೆಂಕಿ ಕೆಳಗಿಳಿಸಿ, ಬೂದಿ ಎಳೆದು, ನನ್ನ ಹಳೆಯ ಸೀರೆಯಿಂದ ಬ್ರೇಕಿನ ಹಿಡಿ ಒರೆಸಿ ಇಳಿದರು. ಕಿತ್ತೆಸೆದಿದ್ದ ಪೊರಕೆಯನ್ನು ಹುಡುಕಿ, ಆ ಏರಿನ ಹಳಿಯನ್ನು ಪೂರ್ತಿ ಗುಡಿಸಿಯೇ ಮನೆಗೆ ಬಂದರು...

ಅದಾದ ಮೇಲೆ ಟ್ರ್ಯಾಕ್ಟರಿನವನೂ ಬರಲಿಲ್ಲ, ಯಾರೂ ಬರಲಿಲ್ಲ. ಬೆಂಕಿ ಕಾಣದ ಎಂಜಿನ್ ತುಕ್ಕು ಹಿಡಿಯಿತು. ಸಮಿತಿಯವರು ಅದರ ಹಿತ್ತಾಳೆಗೂ ಕಬ್ಬಿಣಕ್ಕೂ ಒಂದೇ ಬಂಗಾರದ ಬಣ್ಣ ಬಳಿದು, ಫೋಟೋ ತೆಗೆಸಿಕೊಳ್ಳುವ ಜಾಗ ಮಾಡಿದರು. "ನಮ್ಮ ಪರಂಪರೆ" ಎಂದು ಫಲಕ ಬೇರೆ! ಹಳಿಯ ಮೇಲೆ ಈಗ ಹುಲ್ಲು.

ಅಜ್ಜನನ್ನು ಮಗಳು ಜಗಳೂರಿಗೆ ಕರೆದುಕೊಂಡು ಹೋದಳು. ಒಮ್ಮೆ ಹೋಗಿ ನೋಡಿ ಬಂದೆ. ಮೀಸೆ ಇಳಿಬಿದ್ದಿತ್ತು, ಎಣ್ಣೆ ಇರಲಿಲ್ಲ. "ಬೆಂಕಿ ಹಾಕ್ತಾರಾ ತಂಗ್ಯಮ್ಮ?" ಎಂದು ಕೇಳಿದರು. ಇಲ್ಲ ಎಂದೆ. ಕಾಫಿ ತರಲು ಏಳುತ್ತ, "ನೀನೊಬ್ಬಾಕೆ ಹೇಳಿದ್ದಿ ಬಿಡು" ಎಂದರು. ಅವರ ಕೈ ಒಂದಿಷ್ಟೂ ನಡುಗುತ್ತಿರಲಿಲ್ಲ. ಕಾಫಿ ಲೋಟವನ್ನು ಒಂದು ತೊಟ್ಟೂ ಚೆಲ್ಲದಂತೆ ನನ್ನ ಕೈಗಿಟ್ಟರು. ಮುಂದಿನ ಬೇಸಿಗೆಯಲ್ಲಿ ಅವರು ಹೋದ ಸುದ್ದಿ ಬಂತು. ಚನ್ನಗಿರಿಯಲ್ಲಿ ಎಷ್ಟು ಜನಕ್ಕೆ ಗೊತ್ತಾಯಿತೋ... ಗೊತ್ತಾದವರು ಇವತ್ತಿಗೂ "ಕೈ ನಡುಗಿ ರೈಲು ಗುದ್ದಿಸಿದ ಮುದುಕ" ಎಂದೇ ಹೇಳುತ್ತಾರೆ.

ನಮ್ಮ ಕುಂಬಳಕಾಯಿಯನ್ನು ಇವತ್ತೂ ಯಜಮಾನರಿಂದ ಮೋರಿಯ ಪಕ್ಕದಲ್ಲೇ ಒಡೆಸಿ, ಒಂದು ಬಕೆಟ್ ನೀರು ಸುರಿದೆ. ಎದುರುಮನೆಯ ಅಡಿಕೆ ವ್ಯಾಪಾರದ ಅಣ್ಣ, ಹೊಸದಾಗಿ ಕೊಂಡ ಜೀಪಿನ ಮುಂದೆ ನಡುರಸ್ತೆಯಲ್ಲೇ ದೊಡ್ಡದೊಂದನ್ನು ಕುಕ್ಕಿದರು. "ಅಣ್ಣಾರೆ, ಸ್ವಲ್ಪ ಬದಿಗೆ ಸರಿಸಿ, ಗಾಡಿಗಳು ಜಾರುತ್ತವೆ" ಎಂದು ಕೂಗಿ ಹೇಳಿದೆ. ಕೇಳಿಸಿತೋ ಇಲ್ಲವೋ, ಕೈ ಬೀಸಿ ಒಳಗೆ ಹೋದರು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಹೊರಗೆ ಧಡ್ ಎಂದಿತು. ಕಾಲೇಜಿಗೆ ಹೋಗುವ ಹುಡುಗಿಯೊಬ್ಬಳು ಸ್ಕೂಟಿ ಸಮೇತ ಬಿದ್ದಿದ್ದಳು. ಎಬ್ಬಿಸಿ ಕೂರಿಸಿ, ನೀರು ಕೊಟ್ಟು, ತರಚಿದ ಮೊಣಕಾಲು ತೊಳೆದೆ. ಸ್ಕೂಟಿಯ ಚಕ್ರಕ್ಕೆ ಬಿಳಿ ಬೀಜ ಮೆತ್ತಿಕೊಂಡಿತ್ತು. ಎದುರುಮನೆಯ ಅಣ್ಣ ಪ್ರಸಾದದ ಮಂಡಕ್ಕಿ ಮೆಲ್ಲುತ್ತ ಜಗಲಿಗೆ ಬಂದು, ಒಮ್ಮೆ ಇಣುಕಿ ನೋಡಿ ಅಂದರು:

"ನೆಟ್ಟಗೆ ಓಡ್ಸಾಕೆ ಬರಲ್ಲ ಅಂದ್ಮ್ಯಾಲೆ, ಇಂಥೋರಿಗೆ ಗಾಡಿ ಯಾಕ್ರಿ ಕೊಡ್ತಾರೆ?"