ಮಣ್ಣಿನ ಸಾಹೇಬರು ಮತ್ತು ನನ್ನ ತಿಪ್ಪೆ ಮಣ್ಣು

ಮೊನ್ನೆ ಸೊಸೆ ಬಚ್ಚಲಿಗೆ ಆಸಿಡ್ ಸುರಿದಳು. ಆ ವಾಸನೆ ಮೂಗಿಗೆ ಬಡಿದು ಕೆಮ್ಮು ಬಂತು. ಕೆಮ್ಮಿನ ಹಿಂದೆಯೇ ಹೊಸಪೇಟೆಯ ಮಣ್ಣು ಪರೀಕ್ಷೆ ಮಾಡುವ ಕೋಣೆ ನೆನಪಾಯಿತು. ಅಲ್ಲಿಯೂ ಇಂಥದೇ ಘಾಟು. ಆ ಘಾಟಿನಲ್ಲಿ ದಿನವಿಡೀ ನಿಂತು ಕೆಲಸ ಮಾಡುತ್ತಿದ್ದವರನ್ನು ನಮ್ಮ ಕಡೆ ಎಲ್ಲರೂ ಮಣ್ಣಿನ ಸಾಹೇಬರು ಅನ್ನುತ್ತಿದ್ದರು. ತೆಳ್ಳಗಿದ್ದರು. ಅಂಗಿಯ ತೋಳಿನ ತುಂಬ ಆಸಿಡ್ ಸುಟ್ಟ ತೂತುಗಳು...

ಆಗ ಅದಿರಿನ ಕಾಲ. ಸಂಡೂರಿನ ಕಡೆಯಿಂದ ಹಗಲೆಲ್ಲ ಲಾರಿ. ನಮ್ಮೂರು ವಡ್ಡು ಅನ್ನುವ ಊರಿನ ಹತ್ತಿರ, ಹೊಲ ರಸ್ತೆ ಮಗ್ಗುಲಿಗೇ. ಜೋಳದ ಗರಿ ಮುಟ್ಟಿದರೆ ಅದಿರಿನ ಧೂಳಿಗೆ ಕೈ ಕೆಂಪಾಗುತ್ತಿತ್ತು. ನನ್ನ ಗಂಡ ತೀರಿದ್ದ. ಹೊಲ ನನಗೂ ಮೈದುನನಿಗೂ ಸೇರಿದ್ದು. ಅದಿರು ಸುರಿಯಲು ಜಾಗ ಬೇಕು ಅಂತ ಒಬ್ಬ ಕಾಂಟ್ರಾಕ್ಟರ್ ಕೇಳಿದ್ದೇ ತಡ, ಮೈದುನ ಕುಣಿದ.

"ಈ ಮಣ್ಣು ಸತ್ತೈತಿ ಅತ್ತಿಗಿ. ಬಾಡಿಗಿಗೆ ಕೊಟ್ಟು ಆರಾಮ ಕುಂದ್ರೋಣ."

"ಸತ್ತೈತಿ ಅಂತ ಯಾರ್ ಹೇಳಿದ್ರಪಾ? ನಾಡಿ ಹಿಡಿದು ನೋಡ್ದೇನು?"

ಮಾತು ಬೆಳೆಯಿತು. ಕಡೆಗೆ, ಮಣ್ಣು ಪರೀಕ್ಷೆ ಮಾಡಿಸೋಣ, ಸಾಹೇಬರು ಚಲೋ ಅಂದರೆ ಬಿತ್ತೋಣ, ಇಲ್ಲಾಂದರೆ ಕೊಟ್ಟುಬಿಡೋಣ ಅಂತ ಊರ ಹಿರಿಯರ ಮುಂದೆ ಒಪ್ಪಿಕೊಂಡೆ.

ಒಪ್ಪಿದ್ದೇನೋ ಹೌದು, ಆದರೆ ಹೊಲದ ಮಣ್ಣು ಒಯ್ಯಲಿಲ್ಲ. ಮೂಲೆಯ ತಿಪ್ಪೆಯ ಬುಡದಿಂದ, ಕರ್ರಗೆ ಹುಡಿಹುಡಿ ಇದ್ದ ಮಣ್ಣು ಕಟ್ಟಿಕೊಂಡು ಹೋದೆ.

ಸಾಹೇಬರು ಗಾಜಿನ ಸೀಸೆಗೆ ಚಿಟಿಕೆ ಮಣ್ಣು ಹಾಕಿ, ಕಿತ್ತಳೆ ಬಣ್ಣದ ನೀರು ಬಿಟ್ಟು, ಮೇಲೆ ಆಸಿಡ್ ಸುರಿದರು. ಮಣ್ಣಿನಲ್ಲಿ ಸಗಣಿ, ಕಸಕಡ್ಡಿ ಕೊಳೆತ ಸತ್ವ ಎಷ್ಟಿದೆಯೋ ಅಷ್ಟು ಹಸಿರಾಗುತ್ತದೆ, ಇಲ್ಲದಿದ್ದರೆ ಕಿತ್ತಳೆಯಾಗೇ ಉಳಿಯುತ್ತದೆ ಅಂದರು. ನನಗೆ ಅಕ್ಷರ ಕಮ್ಮಿ, ಬಣ್ಣ ತಿಳಿಯುತ್ತದೆ. ಅರ್ಧ ಗಂಟೆಯಲ್ಲಿ ನನ್ನ ಸೀಸೆ ಕಡುಹಸಿರಾಯಿತು.

ಸಾಹೇಬರು ನಕ್ಕರು. "ಅಕ್ಕಾರ, ಹೆಣ್ಣು ತೋರಿಸೋರಂಗ ಪೌಡರ್ ಹಚ್ಚಿ ತಂದೀರಲ್ರಿ. ಇದು ತಿಪ್ಪಿ ಮಣ್ಣು."

"ತಿಪ್ಪಿನೂ ನಮ್ಮ ಹೊಲದಾಗ ಐತ್ರಿ ಸಾರ್."

"ಐತಿ. ಅದರ ಮ್ಯಾಲ ಬಿತ್ತೀರೇನು?"

ಚಲೋ ಐತಿ ಅಂತ ಬರೆದುಕೊಡ್ರಿ, ನಿಮ್ಮದೇನು ಹೋಗುತ್ತದೆ ಅಂತ ಗೋಗರೆದೆ. ಬರೆಯಲಿಲ್ಲ. ಸಿಟ್ಟು ಬಂತು... ಬೈದೆನೋ ಏನೋ, ಈಗ ನೆನಪಿಲ್ಲ.

ರಜೆಯ ದಿನ ಸಾಹೇಬರು ತಾವೇ ಬಸ್ಸು ಹತ್ತಿ ನಮ್ಮ ಹೊಲಕ್ಕೆ ಬಂದರು. ಬದು, ಮರದ ನೆರಳು, ತಿಪ್ಪೆಯ ಜಾಗ ಬಿಟ್ಟು ಹೊಲದ ತುಂಬ ಹಾವು ಹರಿದಂತೆ ನಡೆದರು. ಮೇಲಿನ ಕೆಂಪು ಧೂಳು ಕೆರೆದು, ಅಲ್ಲಲ್ಲಿ ಗೇಣುದ್ದ ಗುಂಡಿ ತೋಡಿ ಮಣ್ಣು ತೆಗೆದರು. ಎಲ್ಲ ಗೋಣಿಯ ಮೇಲೆ ಕಲಸಿ, ರೊಟ್ಟಿ ಮುರಿದಂತೆ ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲು ಚೆಲ್ಲಿ, ಮತ್ತೆ ಕಲಸಿ, ಮತ್ತೆ ಚೆಲ್ಲಿ... ಎರಡು ಹಿಡಿ ಉಳಿಯುವ ತನಕ. ನಿಂತುಕೊಂಡೇ ಮಜ್ಜಿಗೆ ಕುಡಿದು ಹೋದರು.

ವಾರ ಬಿಟ್ಟು ನಾನೂ ಮೈದುನನೂ ಹೊಸಪೇಟೆಗೆ ಹೋದೆವು. ಸೀಸೆ ಹಸಿರಾಗಲೇ ಇಲ್ಲ.

"ನೋಡು ಅತ್ತಿಗಿ, ಕಿತ್ತಳಿ ಹಣ್ಣಿನ ಶರಬತ್ತು. ಕುಡಿತೀಯೇನು?" ಅಂದ ಮೈದುನ.

ಸಾಹೇಬರು ಅವನತ್ತ ನೋಡಲಿಲ್ಲ. "ಅಕ್ಕಾರ, ತಿಪ್ಪಿ ಗೊಬ್ಬರ ಹೊಲಕ್ಕ ಹೊಡೆದು ಎಷ್ಟು ವರ್ಷ ಆತು? ಅವತ್ತು ನೀವು ತಂದಿದ್ದು ಭಾಳ ಹಳೇದ್ರಿ."

ಎತ್ತು ಮಾರಿದ್ದೆವು. ಬಂಡಿ ಮುರಿದಿತ್ತು. ಆಳುಗಳೆಲ್ಲ ಗಣಿಗೆ ಹೋಗಿದ್ದರು. ತಿಪ್ಪೆ ಮೂಲೆಯಲ್ಲಿ ಗುಡ್ಡವಾಗಿ ಕೂತಿತ್ತು. ಲಾರಿಗೂ ಧೂಳಿಗೂ ಬೈದಷ್ಟು ದಿನ ನಾನು ಒಂದು ಬುಟ್ಟಿ ಗೊಬ್ಬರ ಹೊತ್ತಿರಲಿಲ್ಲ.

"ಸತ್ತಿಲ್ರಿ, ಹಸದೈತಿ. ಉಣಿಸಿ ನೋಡ್ರಿ," ಅಂದರು.

ಹಿರಿಯರ ಮುಂದೆ ಕೊಟ್ಟ ಮಾತು ಮುರಿದೆ. ನಾಚಿಕೆ ಆಗಲಿಲ್ಲ. ಹೊಲ ಪಾಲಾಯಿತು. ಮೈದುನ ತನ್ನ ಪಾಲು ಅದಿರಿಗೆ ಕೊಟ್ಟ. ನಾನು ತಲೆ ಮೇಲೆ ಬುಟ್ಟಿ ಹೊತ್ತು ಹೊತ್ತು ತಿಪ್ಪೆ ಕರಗಿಸಿದೆ. ಸುಗ್ಗಿಯಾದ ಮೇಲೆ ಹಿಕ್ಕೆ ಗೊಬ್ಬರ ಬೀಳಲಿ ಅಂತ ಹೊಲದಲ್ಲಿ ಕುರಿ ಮಂದೆ ಕೂಡಿಸಿದೆ. ಸೆಣಬು ಬಿತ್ತಿ, ಹೂವು ಬರುವ ಹೊತ್ತಿಗೆ ಮಣ್ಣಿಗೇ ಮಗುಚಿಸಿದೆ. ಪ್ರತಿ ಬೇಸಿಗೆಗೆ ಎರಡು ಹಿಡಿ ಮಣ್ಣು ಒಯ್ದೆ. ಮೂರನೇ ಸಲ ಸೀಸೆಯಲ್ಲಿ ಹಸಿರು ಕಂಡಿತು, ತೆಳ್ಳಗೆ. ಸಾಹೇಬರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಭಾಳ ಹೊತ್ತು ನಿಂತರು.

"ಪೌಡರ್ ಇಲ್ಲಲ್ರಿ?" ಅಂದರು.

"ಮುಖ ತೊಳೆದೇ ತಂದೀನ್ರಿ," ಅಂದೆ.

ಆಮೇಲೆ ಅವರಿಗೆ ವರ್ಗವಾಯಿತು. ಎಲ್ಲಿಗೆ ಅಂತ ನಾನು ಕೇಳಲಿಲ್ಲ. ಅವರು ತೀರಿಕೊಂಡಿದ್ದು, ತೀರಿ ವರ್ಷವಾದ ಮೇಲೆ ಬಸ್ಸಿನಲ್ಲಿ ಯಾರೋ ಅಂದಾಗ ತಿಳಿಯಿತು. ಟಿಕೀಟು ಕೈಯಲ್ಲೇ ಇತ್ತು, ನಮ್ಮೂರು ದಾಟಿದ್ದು ಗೊತ್ತಾಗಲಿಲ್ಲ...

ಈಗ ಲಾರಿ ಕಮ್ಮಿ. ಅದಿರು ಎತ್ತಿಕೊಂಡು ಹೋದ ಮೇಲೆ ಮೈದುನನ ಪಾಲು ಹಂಗೇ ಬಿದ್ದಿದೆ, ಮಳೆ ನೀರು ಇಳಿಯುವುದಿಲ್ಲ, ಹುಲ್ಲೂ ಹುಟ್ಟುವುದಿಲ್ಲ. ಹೋದ ತಿಂಗಳು ಅವನು ಕೋಲೂರಿಕೊಂಡು ಬಂದು ನಮ್ಮ ಕಟ್ಟೆಯ ಮೇಲೆ ಕೂತ. "ಅತ್ತಿಗಿ, ಏನ್ ಮಾಡ್ಲಿ?" ಅಂದ. ಹಂಗಿಸಬೇಕು ಅನ್ನಿಸಿತು, ಹಂಗಿಸಲಿಲ್ಲ. ಅವನ ಜೊತೆ ಹೊಲಕ್ಕೆ ಹೋದೆ. ಸಲಿಕೆ ಹಾಕಿದರೆ ಠಣ್ ಅಂತು. ನನ್ನ ಹೊಲಕ್ಕೆ ಏನು ಬೇಕು ಅನ್ನುವುದನ್ನು ಸಾಹೇಬರು ಹೇಳಿದ್ದರು. ಇದಕ್ಕೇನು ಅಂತ ಕೇಳಲು ಅವರಿಲ್ಲ.

"ನನಗ ಗೊತ್ತಿಲ್ಲಪಾ," ಅಂದೆ. ಸಲಿಕೆ ಎತ್ತಿಕೊಂಡು ಇಬ್ಬರೂ ಮನೆಗೆ ಬಂದೆವು.