ಗದರುವ ಅತ್ತೆಯ ಕೈತೋಟ
ಬೀದಿಯವರೆಲ್ಲ ಅತ್ತೆ ಎಂದೇ ಕರೆಯುವ ಆಕೆಗೆ ಗಿಡಗಳನ್ನು ಗದರದೆ ನೀರು ಹಾಕಿ ಗೊತ್ತಿಲ್ಲ. ಬೇಸಿಗೆ ಬಂತೆಂದರೆ ಕುಂಡಗಳನ್ನೆಲ್ಲ ನೆರಳಿಗೆ ಎಳೆಯುತ್ತಾರೆ, ಮಳೆಗಾಲಕ್ಕೆ ಸೂರಿನಡಿಗೆ, ಚಳಿಗಾಲಕ್ಕೆ ಮತ್ತೆ ಬಿಸಿಲಿಗೆ. “ತಿಂದು ತಿಂದು ಬರೀ ಎಲೆ ಬೆಳೆಸ್ಕೊಂಡಿದ್ದೀಯಾ! ಈ ಮಳೆಗಾಲದಲ್ಲಿ ಮೊಗ್ಗು ಕಾಣ್ಲಿಲ್ಲ ಅಂದ್ರೆ ಕಿತ್ತು ಬಿಸಾಕ್ತೀನಿ,” ಎಂದು ದಾಸವಾಳಕ್ಕೆ ಗಡುವು ಕೊಡುತ್ತಾರೆ, ಮಳೆ ಮುಗಿದರೆ, “ಹೋಗ್ಲಿ, ಚಳಿ ಕಳೀಲಿ,” ಎಂದು ತಾವೇ ಮುಂದೂಡುತ್ತಾರೆ. ಇದುವರೆಗೆ ಒಂದು ಗಿಡವನ್ನೂ ಕಿತ್ತವರಲ್ಲ. ಕುಂಡಗಳ ಹಿಂದೆಯೇ ಗಾಲಿಕುರ್ಚಿಯೂ ಜಾಗ ಬದಲಿಸುತ್ತದೆ. ಅದರಲ್ಲಿ ಲಕ್ವ ಹೊಡೆದ ಯಜಮಾನರು. “ರೀ, ನಿಮಗೂ ಸೇರಿಸಿಯೇ ಹೇಳ್ತಿರೋದು. ಮಳೆಗಾಲ ಮುಗಿಯೋದ್ರೊಳಗೆ ಎದ್ದು ನಿಲ್ಬೇಕು!” ಮೊನ್ನೆ, ಸ್ವಾಧೀನ ತಪ್ಪಿದ್ದ ಅವರ ಬಲಗಾಲಿನ ಹೆಬ್ಬೆರಳು ಮೆಲ್ಲಗೆ ಅಲುಗಿತು. ಅತ್ತೆ ನೀರಿನ ಚೆಂಬು ಕೆಳಗಿಟ್ಟರು. ಆಮೇಲೆ ಕಣ್ಣೊರೆಸಿಕೊಂಡು ದಾಸವಾಳದ ಕಡೆ ತಿರುಗಿ, “ನೋಡಿ ಕಲ್ತ್ಕೋ,” ಎಂದರು.